ಹಳೇ ಮನೆಗೆ ಗಾರೆ ಕೆಲಸ ಮಾಡಿಸಿದೆವು: ಕೆಲಸ ಛಲೋ, ಟೈಮಿನದ್ದೇ ತಕರಾರು

ಧಾರವಾಡದ ಹೊಸಯಲ್ಲಾಪುರದಲ್ಲಿ ಅಜ್ಜ ಕಟ್ಟಿಸಿದ ಮನೆ ನಮ್ಮದು. ಮಣ್ಣಿನ ಮಾಳಿಗೆ (ಮಣ್ಣು ಬಡಿದ ಚಾವಣಿ), ತೇಗದ ಕಂಬ, ಎರಡಡಿ ದಪ್ಪದ ಗೋಡೆ. ಹಿಂದೊಮ್ಮೆ ಒಬ್ಬ ಕಾಂಟ್ರ್ಯಾಕ್ಟರ್ ಮಾತು ಕೇಳಿ ಪಡಸಾಲೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದೆವು. ಎರಡೇ ಮಳೆಗಾಲ, ಬಣ್ಣ ಹಪ್ಪಳದ ಹಾಗೆ ಎದ್ದಿತು, ಬುಡದಲ್ಲಿ ಬಿಳಿ ಉಪ್ಪು ಬೇರೆ.

ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಣ ಅಂದ ತಮ್ಮ. ಅವನು ಓದಿದ್ದು ಕರ್ನಾಟಕ ಕಾಲೇಜಿನಲ್ಲಿ. ಕಾಲೇಜು 1917ರದ್ದು, ಕಟ್ಟಡ ಅದಕ್ಕೂ ಮೊದಲು ಸದರ್ನ್ ಮರಾಠಾ ರೈಲ್ವೆಯ ಆಫೀಸಾಗಿತ್ತು. "ಅದನ್ನೂ ಕೆಡವಿದ್ರ ನೀ ಎಲ್ಲಿ ಕಲೀತಿದ್ದಿ?" ಅಂದಳು ಅವ್ವ. ಮಾತು ಅಲ್ಲಿಗೇ ಮುಗಿಯಿತು, ಸುಣ್ಣದ ಗಾರೆ ಮಾಡುವ ಗೌಂಡಿ ತಂಡವೊಂದಕ್ಕೆ ಕೆಲಸ ಕೊಟ್ಟೆವು.

ಮೇಸ್ತ್ರಿ ಗೋಡೆ ತಟ್ಟಿ ನೋಡಿದರು. "ಮಣ್ಣಿನ ಗ್ವಾಡಿಗೆ ಸಿಮೆಂಟಿನ ಅಂಗಿ ತೊಡ್ಸಿ ಗುಂಡಿ ಹಾಕೀರಿ, ಬೆವರು ಎಲ್ಲಿಂದ ಹೊರಗ ಹೋಗ್ಬೇಕ್ರಿ?" ವಿಷಯ ಇಷ್ಟೇ. ನೆಲದಿಂದ ಮೇಲೇರಿದ ತೇವ ಸುಣ್ಣದ ಗಾರೆಯಲ್ಲಿ ಆರಿ ಹೋಗುತ್ತದೆ, ಸಿಮೆಂಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ.

ಸುಣ್ಣವನ್ನು ಹಿತ್ತಲಿನ ಡ್ರಮ್ಮಿನಲ್ಲಿ ನೆನೆಹಾಕಿ ಮೂರು ವಾರ ಬಿಟ್ಟರು. ಇನ್ನೊಂದರಲ್ಲಿ ಗಾರೆಗೆ ಬೆರೆಸಲು ಬೆಲ್ಲ, ಅಳಲೆಕಾಯಿ ಕೊಳೆಹಾಕಿದರು. ಆ ವಾಸನೆಗೆ ಪಕ್ಕದ ಮನೆಯವರು ನಾವೇನೋ ಸಾರಾಯಿ ಕಾಯಿಸುತ್ತಿದ್ದೇವೆ ಅಂದುಕೊಂಡಿದ್ದರು, ಇರುವೆಗಳಂತೂ ಅಡುಗೆಮನೆತನಕ ಸಾಲು ಹಿಡಿದವು! ಒಡೆದ ಇಟ್ಟಿಗೆಯನ್ನೂ ಎಸೆಯಲಿಲ್ಲ, ಪುಡಿ ಮಾಡಿ ಸುರ್ಕಿ ಅಂತ ಗಾರೆಗೇ ಬೆರೆಸಿದರು. ಊರ ಹೊರಗೆ ಸುರಿಯಲು ಹೋಗಿದ್ದು ಕೆತ್ತಿ ತೆಗೆದ ಸಿಮೆಂಟ್ ಒಂದೇ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು, ಸಿಮೆಂಟಿಗೆ 1450ರ ಹತ್ತಿರ ಬೇಕು. ಮೇಲಾಗಿ ಸುಡುವಾಗ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಷ್ಟನ್ನು ಗಾರೆ ಗಟ್ಟಿಯಾಗುತ್ತಾ ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತದೆ.

ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿ ಅಂತ ನಾನೇ ಕೇಳಿದ್ದೆ. ಈ ಗೋಡೆ ಅಷ್ಟು ಭಾರ ತಡೆಯೋದಿಲ್ಲ ಅಂತ ಒಪ್ಪಲಿಲ್ಲ, ಕರಲು ಮಣ್ಣು ಹೊಸದಾಗಿ ಹಾಕಿ ಬಡಿದು ಕೊಟ್ಟರು. ಜಾಸ್ತಿ ಬಿಲ್ ಮಾಡುವ ಅವಕಾಶ ಇದ್ದರೂ ಬೇಡ ಅಂದರಲ್ಲ, ಅದು ನನಗೆ ಹಿಡಿಸಿತು.

ಇನ್ನು ತಕರಾರು. ಮಾರ್ಚ್‌ನಲ್ಲಿ ಬರುತ್ತೇವೆ ಅಂದವರು ಬಂದಿದ್ದು ಮೇ ತಿಂಗಳಲ್ಲಿ. ಗಾರೆ ಗಟ್ಟಿಯಾಗೋದು ನಿಧಾನ, ಧಾರವಾಡದ ಮಳೆ ಕಾಯೋದಿಲ್ಲ. ಪಡುವಣ ಗೋಡೆಗೆ ಹಚ್ಚಿ ವಾರವೂ ಆಗಿರಲಿಲ್ಲ, ಜಿಟಿಜಿಟಿ ಶುರುವಾಗಿ ಕೆಳಗಿನ ಮೂರಡಿ ತೊಳೆದು ಹೋಯಿತು. ತಾಡಪತ್ರಿ ಕಟ್ಟಿ ಅಂತ ನಾವೇ ಹೇಳಬೇಕಾಯಿತು. ಖರ್ಚೂ ಸಿಮೆಂಟಿನ ಒಂದೂವರೆ ಪಟ್ಟು ಬಿತ್ತು. ಮಾಡಿಸೋದಾದರೆ ದೀಪಾವಳಿ ಮುಗಿದ ಮೇಲೆ ಶುರು ಮಾಡಿಸಿ, ಅಡ್ವಾನ್ಸ್ ಪೂರ್ತಿ ಕೊಡಬೇಡಿ.

ಪಡಸಾಲೆ ಮಾತ್ರ ಈ ಮಳೆಗಾಲ ಪೂರ್ತಿ ಒಣಗಿತ್ತು, ಉಪ್ಪಿನ ಸುಳಿವಿಲ್ಲ. ಪಡುವಣ ಗೋಡೆ ಇನ್ನೂ ಹಾಗೇ ಇದೆ. ಉಳಿದ ಸುಣ್ಣ ಡ್ರಮ್ಮಿನಲ್ಲಿ ನೀರಿನಡಿ ಕೂತಿದೆ. ಫೋನ್ ಮಾಡಿದರೆ ಮೇಸ್ತ್ರಿ ಅನ್ನೋದು ಒಂದೇ: "ಇರ್ಲಿ ಬಿಡ್ರಿ, ಸುಣ್ಣ ನೆನದಷ್ಟೂ ಛಲೋ."