ವ್ಯಾಯಾಮದ ಸೈಕಲ್ಲಿನ ಮೇಲೆ ಓದಲೆಂದು ಅಗ್ಗದ ಟ್ಯಾಬ್ ಕೊಳ್ಳುವವರಿಗೆ

ಕಳೆದ ಡಿಸೆಂಬರಿನಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯ ಒಂದು ಮೊಬೈಲ್ ಅಂಗಡಿಯಲ್ಲಿ 6,500 ರೂಪಾಯಿ ಕೊಟ್ಟು ಒಂದು ಟ್ಯಾಬ್ ಕೊಂಡೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಅದರ ಬೆನ್ನು ಉಬ್ಬಿ, ಮೇಜಿನ ಮೇಲಿಟ್ಟು ತುದಿ ಮುಟ್ಟಿದರೆ ಬುಗುರಿಯಂತೆ ತಿರುಗುವ ಸ್ಥಿತಿಗೆ ಬಂದಿತ್ತು. ಅಂಗಡಿಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಇಂಥ ಡಬ್ಬಗಳು ಆ ಒಂದೇ ಅಂಗಡಿಯಲ್ಲಿ ಸಿಗುವಂಥವಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ನಿವೃತ್ತಿಯಾದ ಮೇಲೆ ಬೆಳಿಗ್ಗೆ ಕುಂದುವಾಡ ಕೆರೆಯ ಬಳಿ ನಡೆಯುವ ರೂಢಿ ಇತ್ತು. ಮಂಡಿ ಸವೆದಿದೆ, ನಡಿಗೆ ಕಡಿಮೆ ಮಾಡಿ ಮನೆಯಲ್ಲೇ ನಿಂತಲ್ಲಿ ನಿಲ್ಲುವ ಸೈಕಲ್ಲನ್ನು ದಿನಕ್ಕೆ 40 ನಿಮಿಷ ತುಳಿಯಿರಿ ಎಂದು ವೈದ್ಯರು ಹೇಳಿದರು. ಪೆಡಲಿನ ಮೇಲೆ ಕಾಲು ಓಡುತ್ತದೆ, ಕಾಲ ಮಾತ್ರ ಓಡುವುದಿಲ್ಲ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳನ್ನು ಎಷ್ಟು ಸಲ ಎಣಿಸಲಾದೀತು? ದಿನಪತ್ರಿಕೆಯ ಇ-ಪೇಪರ್, ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್, ನಡುವೆ ಬೇಕೆನಿಸಿದ್ದನ್ನು ಹುಡುಕಿ ನೋಡಲು ಒಂದು ಬ್ರೌಸರ್, ಇಷ್ಟಿದ್ದರೆ ಸಾಕೆಂದುಕೊಂಡೆ. ಇಷ್ಟು ಸರಳ ಕೆಲಸಕ್ಕೆ ದುಬಾರಿ ಯಂತ್ರವೇಕೆ ಎಂದು ಯೋಚಿಸಿದ್ದೇ ನನ್ನ ಮೊದಲ ತಪ್ಪು. ಆಟವಾಡುವ ಹುಡುಗರಿಗೆ ಬೇಕಾದ ವೇಗ ನಮಗೆ ಬೇಡ, ನಿಜ. ಆದರೆ ಓದುವವರಿಗೆ ಪರದೆ ಅವರಿಗಿಂತಲೂ ಚೆನ್ನಾಗಿರಬೇಕು, ಮತ್ತು ಅಗ್ಗದ ಟ್ಯಾಬಿನಲ್ಲಿ ಮೊದಲು ಕತ್ತರಿ ಬೀಳುವುದು ಪರದೆಗೇ.

ಡಬ್ಬದ ಮೇಲೆ 10.1 ಇಂಚು, 8 ಜಿಬಿ ರ‍್ಯಾಮ್, 128 ಜಿಬಿ ಸಂಗ್ರಹ, ಆಂಡ್ರಾಯ್ಡ್ 13 ಎಂದು ದಪ್ಪ ಅಕ್ಷರಗಳಿದ್ದವು. ಕಂಪನಿಯ ಹೆಸರು ಕೇಳಿದ್ದಲ್ಲ ಎಂದಾಗ ಅಂಗಡಿಯವರು, "ಮೇಡಂ, ದೊಡ್ ಕಂಪನಿ ಅಂದ್ರ ಹೆಸ್ರಿಗೆ ರೊಕ್ಕ ಕೊಟ್ಟಂಗ್ರಿ, ಒಳಗಿನ ಸಾಮಾನು ಎಲ್ಲಾ ಒಂದ" ಎಂದು ನಕ್ಕು, ಗಾಜಿನ ಕಪಾಟಿನ ಮೇಲೆ ಟ್ಯಾಬನ್ನು ಮಲಗಿಸಿ ಒಂದು ವಿಡಿಯೊ ಹಾಕಿದರು. ಜಲಪಾತ, ಗಿಳಿ, ಕಡು ಕೆಂಪು ಹೂವು. ಪರದೆಯ ಬೆಳಕು ತುದಿ ಮುಟ್ಟಿತ್ತು, ನಾನು ಅದರ ಮೇಲೆಯೇ ಬಾಗಿ ನಿಂತಿದ್ದೆ. ನಾನು ಓದಬೇಕಾದದ್ದು ಗಿಳಿಯನ್ನಲ್ಲ, ಒಂದು ಪುಟ ತೆರೆದು ತೋರಿಸಿ ಎಂದು ಕೇಳಲು ಆಗ ಹೊಳೆಯಲಿಲ್ಲ.

ನಮ್ಮ ಸೈಕಲ್ಲಿನ ಹಿಡಿಕೆಗಳ ನಡುವೆ ಪುಸ್ತಕ ಒರಗಿಸಲು ಒಂದು ಪ್ಲಾಸ್ಟಿಕ್ ತಟ್ಟೆಯಿದೆ. ಟ್ಯಾಬನ್ನು ಅಲ್ಲಿ ಅಡ್ಡಲಾಗಿ ಒರಗಿಸಿ ಸೀಟಿನ ಮೇಲೆ ಕುಳಿತ ಕೂಡಲೇ ಅಂಗಡಿಯ ಹೊಳಪೆಲ್ಲ ಮಾಯವಾಗಿ, ಬಿಳಿಯ ಪುಟ ಬೂದಿ ಬಳಿದಂತೆಯೂ ಅದರ ಮೇಲಿನ ಅಕ್ಷರ ಅರ್ಧ ಅಳಿಸಿದಂತೆಯೂ ಕಾಣಿಸಿತು. ಕನ್ನಡಕ ಒರೆಸಿ ನೋಡಿದೆ, ಕಿಟಕಿಯ ಪರದೆ ಎಳೆದು ನೋಡಿದೆ. ಕುತ್ತಿಗೆ ಬಗ್ಗಿಸಿ ಮುಖವನ್ನು ಪರದೆಗೆ ನೇರವಾಗಿ ಒಡ್ಡಿದರೆ ಸರಿ, ಬೆನ್ನು ನೆಟ್ಟಗೆ ಮಾಡಿದರೆ ಮತ್ತೆ ಮಸುಕು. ಉದ್ದಕ್ಕೆ ನಿಲ್ಲಿಸಿದರೆ ಎಡಗಣ್ಣಿಗೊಂದು ಬಣ್ಣ, ಬಲಗಣ್ಣಿಗೊಂದು ಬಣ್ಣ. ಕೊನೆಗೆ ತಲೆಕೆಳಗು ಮಾಡಿ ಇಟ್ಟಾಗ ಅಕ್ಷರಗಳು ತಾವಾಗಿಯೇ ನೇರಕ್ಕೆ ತಿರುಗಿಕೊಂಡು ಪುಟ ತುಸು ತಿಳಿಯಾಯಿತು, ಆದರೆ ಆಗ ಬದಿಯ ಸ್ವಿಚ್ಚು ತಟ್ಟೆಯ ಅಂಚಿಗೆ ಒತ್ತಿಕೊಂಡು ನಾಲ್ಕು ಸಲ ಪೆಡಲ್ ತುಳಿಯುವಷ್ಟರಲ್ಲಿ ಪರದೆಯೇ ಆರಿಹೋಗುತ್ತಿತ್ತು. ಇದು ಟಿಎನ್ ಎಂಬ ಹಳೆಯ ಬಗೆಯ ಪರದೆಯ ಹುಟ್ಟುಗುಣ ಎಂದು ಆಮೇಲೆ ತಿಳಿಯಿತು. ನೇರವಾಗಿ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ. ಓರೆಯಿಂದ, ವಿಶೇಷವಾಗಿ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಬಣ್ಣ ಕೆಡುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯ ಪರದೆಗೆ ಈ ತೊಂದರೆ ಬಹಳ ಕಡಿಮೆ. ಕೈಯಲ್ಲಿ ಹಿಡಿದು ಓದುವವರು ಟ್ಯಾಬನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು, ಸೈಕಲ್ ತುಳಿಯುವವರು ಟ್ಯಾಬಿಗೆ ತಮ್ಮ ಕುತ್ತಿಗೆಯನ್ನು ಹೊಂದಿಸಬೇಕಾಗುತ್ತದೆ. ಒಂದು ವಾರ ಹಾಗೆ ಹೊಂದಿಸಿದ್ದರ ಫಲವಾಗಿ ಮಂಡಿಯ ಜೊತೆಗೆ ಕುತ್ತಿಗೆಗೂ ನೋವಿನೆಣ್ಣೆ ಹಚ್ಚುವಂತಾಯಿತು.

ಎರಡನೆಯ ತೊಂದರೆ ಒತ್ತಕ್ಷರಗಳದ್ದು, ಮತ್ತು ಇಲ್ಲಿ ನನಗೆ ನಾಚಿಕೆಯೂ ಇದೆ. ಮೂವತ್ತು ವರ್ಷ ಮಕ್ಕಳಿಗೆ ಪೈಥಾಗೊರಸ್ ಪ್ರಮೇಯ ಕಲಿಸಿದ ನಾನು ಕೊಳ್ಳುವ ಮೊದಲು ಒಂದು ಕರ್ಣ ಲೆಕ್ಕ ಹಾಕಲಿಲ್ಲ. ಡಬ್ಬದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ 1024×600 ಎಂದಿತ್ತು, ಅಂದರೆ ಪರದೆಯ ಉದ್ದಕ್ಕೆ, ಅಗಲಕ್ಕೆ ಇರುವ ಚುಕ್ಕೆಗಳ ಲೆಕ್ಕ. 1024ರ ವರ್ಗಕ್ಕೆ 600ರ ವರ್ಗವನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 1187, ಅದನ್ನು 10.1ರಿಂದ ಭಾಗಿಸಿದರೆ ಇಂಚಿಗೆ 118 ಚುಕ್ಕೆ. ಅದೇ ಅಳತೆಯ ಪರದೆ 1280×800 ಆಗಿದ್ದರೆ 149, 1920×1200 ಆಗಿದ್ದರೆ 224. ಹಳೆಯ ಪುಸ್ತಕದ ಪುಟವನ್ನು ಉದ್ದಕ್ಕೆ ತೆರೆದಾಗ ಅಡ್ಡಕ್ಕೆ ಸಿಗುವುದು 600 ಚುಕ್ಕೆ. ಸಾಲಿಗೆ ನಲವತ್ತು ಅಕ್ಷರ ಎಂದಿಟ್ಟುಕೊಂಡರೂ ಅಂಚು ಬಿಟ್ಟು ಒಂದೊಂದಕ್ಕೆ ಹದಿನೈದೂ ಉಳಿಯುವುದಿಲ್ಲ, ಅದರ ಕೆಳಗಿನ ಒತ್ತಿಗೆ ಅರ್ಧವೂ ಇಲ್ಲ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ನಮ್ಮ "ರಾಷ್ಟ್ರ", "ಲಕ್ಷ್ಮಿ", "ಶಾಸ್ತ್ರ"ಗಳ ಕೆಳಗೆ ಮಾತ್ರ ಇರುವೆ ಜಜ್ಜಿದಂಥ ಒಂದು ಕಪ್ಪು ಕಲೆ ಉಳಿಯುತ್ತದೆ. ಹಿಗ್ಗಿಸಿದರೆ ಸಾಲು ಪರದೆಯಾಚೆಗೆ ಹೋಗುತ್ತದೆ, ಪ್ರತಿ ಸಾಲಿಗೂ ಬೆರಳಿನಿಂದ ಎಳೆಯಬೇಕು. ಸ್ಕ್ಯಾನ್ ಮಾಡಿದ ಪುಟವೆಂದರೆ ಚಿತ್ರ, ಅಕ್ಷರವನ್ನಷ್ಟೇ ದೊಡ್ಡದು ಮಾಡಿ ಸಾಲನ್ನು ಮುರಿದು ಜೋಡಿಸಲು ಅದರಲ್ಲಿ ಬರುವುದಿಲ್ಲ. ಕೈಯಲ್ಲಿ ಹಿಡಿದು ಓದುವಾಗ ಕಣ್ಣಿಗೂ ಪುಟಕ್ಕೂ ಮೊಳಕ್ಕಿಂತ ಕಡಿಮೆ ದೂರವಿದ್ದರೆ, ಸೈಕಲ್ಲಿನ ಸೀಟಿನ ಮೇಲೆ ಕುಳಿತಾಗ ಕಣ್ಣಿನಿಂದ ತಟ್ಟೆಗೆ ನಾನು ಟೇಪು ಹಿಡಿದು ಅಳೆದಾಗ 68 ಸೆಂಟಿಮೀಟರ್ ಬಂತು. ಆದ್ದರಿಂದ ಎಂಟು ಇಂಚಿನ ಟ್ಯಾಬ್ ಕೈಗೆ ಹಗುರವಾದರೂ ಈ ಕೆಲಸಕ್ಕೆ ಒದಗದು ಎಂಬುದು ನನ್ನ ಅಭಿಪ್ರಾಯ.

ಪತ್ರಿಕೆಯ ಒಂದು ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು, ಇನ್ನೊಂದು ಪುಟಕ್ಕೆ ಹೋಗಿ ಬಂದರೆ ಹಿಂದಿನದು ಮತ್ತೆ ಮೊದಲಿನಿಂದ ತೆರೆಯುತ್ತಿತ್ತು. ನಮ್ಮ ಇಂಟರ್ನೆಟ್ಟಿನದೇ ದೋಷವೆಂದು ಸುಮ್ಮನಿದ್ದೆ. ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ಸಂಕ್ರಾಂತಿಗೆ ಮನೆಗೆ ಬಂದಾಗ, ಯಂತ್ರದ ಒಳಗಿನ ಭಾಗಗಳನ್ನು ನೇರವಾಗಿ ಓದಿ ಹೇಳುವ ಒಂದು ಆ್ಯಪ್ ಹಾಕಿ ನೋಡಿ, "ಅತ್ತೆ, ಇದ್ರಾಗ ಎಂಟು ಜಿಬಿ ಎಲ್ಲೈತಿ? ಎರಡೇ ಐತಿ" ಎಂದ. ತೆರೆದ ಪುಟಗಳನ್ನು ಹಿಡಿದಿಡುವ ರ‍್ಯಾಮಿನ ಮಾತದು. ಆಂಡ್ರಾಯ್ಡ್ 13 ಎಂದು ಸೆಟ್ಟಿಂಗ್ಸ್ ಹೇಳುತ್ತಿದ್ದರೂ ಆ ಆ್ಯಪಿನಲ್ಲಿ ಎಪಿಐ ಮಟ್ಟ 27 ಎಂದಿತ್ತು. 27 ಎಂದರೆ ಆಂಡ್ರಾಯ್ಡ್ 8.1, 13 ಆಗಿದ್ದರೆ 33 ಇರಬೇಕಿತ್ತು. ಸಂಗ್ರಹವನ್ನು ಪರೀಕ್ಷಿಸಲು ಆತ ಲ್ಯಾಪ್‌ಟಾಪಿನಿಂದ ಮದುವೆಯ ವಿಡಿಯೊಗಳನ್ನು ಒಂದೊಂದಾಗಿ ತುಂಬುತ್ತ ಹೋದ. 128 ಜಿಬಿ ಎಂದ ಟ್ಯಾಬು 10 ಜಿಬಿ ದಾಟುವಷ್ಟರಲ್ಲಿ ಧಾರೆಗೂ ಮೊದಲೇ ನಿಂತುಹೋಯಿತು. ಸೆಟ್ಟಿಂಗ್ಸಿನಲ್ಲಿ ಕಾಣುವ ಅಂಕಿಯನ್ನು ತಯಾರಕರು ತಮಗೆ ಬೇಕಾದಂತೆ ಬರೆದಿಡಬಹುದು ಎಂಬುದು ನನಗೆ ಹೊಸ ವಿಷಯವಾಗಿತ್ತು. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಗೆ ಸಾಧನವನ್ನು ಗೂಗಲ್ ಒಪ್ಪಿದೆಯೇ ಎಂದು ಹೇಳುವ ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣ ಎಂಬ ಸಾಲೊಂದಿರುತ್ತದೆ, ಅಲ್ಲಿಯೂ ಈ ಸಾಧನ ಪ್ರಮಾಣಿತವಲ್ಲ ಎಂದೇ ಇತ್ತು. ಈ ಸಾಲನ್ನು ಅಂಗಡಿಯಲ್ಲೇ, ಹಣ ಕೊಡುವ ಮೊದಲೇ ನೋಡಬಹುದು. ಒಂದು ನಿಮಿಷದ ಕೆಲಸ.

ಬ್ರೌಸಿಂಗ್ ಮಾಡುವವರಿಗೆ ಈ ಹಳೆಯ ಆಂಡ್ರಾಯ್ಡ್ ಸಣ್ಣ ವಿಷಯವಲ್ಲ. ಕ್ರೋಮ್ ಬ್ರೌಸರ್ 2025ರಲ್ಲಿ ಆಂಡ್ರಾಯ್ಡ್ 8 ಮತ್ತು 9ಕ್ಕೆ ಹೊಸ ಆವೃತ್ತಿಗಳನ್ನು ಕೊಡುವುದನ್ನು ನಿಲ್ಲಿಸಿತು. ಅಂದರೆ ಬ್ರೌಸರಿನಲ್ಲಿ ಹೊಸದಾಗಿ ಕಂಡುಬರುವ ಭದ್ರತಾ ಲೋಪಗಳು ಇಂಥ ಟ್ಯಾಬಿನಲ್ಲಿ ಹಾಗೆಯೇ ತೆರೆದು ಉಳಿಯುತ್ತವೆ. ಅದರಲ್ಲಿ ಬ್ಯಾಂಕಿನ ಆ್ಯಪ್ ಹಾಕಿಕೊಂಡಿದ್ದೆ. ಅಂದೇ ತೆಗೆದು ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆ.

ಪೆಡಲಿನ ಕುಲುಕಾಟಕ್ಕೆ ಪುಟ ತಾನೇ ಅಡ್ಡ ತಿರುಗುವುದು, ಹಣೆಯ ಬೆವರಿನ ಹನಿ ಬಿದ್ದರೆ ಅದನ್ನು ಬೆರಳೆಂದೇ ಭಾವಿಸಿ ಪರದೆ ಓಡುವುದು, ಇವೆರಡು ಒಳ್ಳೆಯ ಟ್ಯಾಬಿನಲ್ಲೂ ಆಗುತ್ತವೆ. ತಿರುಗುವಿಕೆಯನ್ನು ಸೆಟ್ಟಿಂಗ್ಸಿನಲ್ಲಿ ಬಂದ್ ಮಾಡಿದರೆ ಒಂದು ತೀರಿತು, ಹೆಗಲ ಮೇಲೊಂದು ಟವೆಲ್ ಇದ್ದರೆ ಇನ್ನೊಂದೂ ತೀರಿತು.

ಬ್ಯಾಟರಿಯದ್ದು ಹಾಗಲ್ಲ. ಇಡೀ ದಿನ ಬರುತ್ತದೆ ಎಂದ ಬ್ಯಾಟರಿ ಒಂದೂವರೆ ಗಂಟೆ ಬರುತ್ತಿತ್ತು, ಹಾಗಾಗಿ ಸದಾ ಚಾರ್ಜಿಗೇ ಹಾಕಿಡುತ್ತಿದ್ದೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಿರುವುದೇ. ಮಧ್ಯಾಹ್ನ 40 ಡಿಗ್ರಿಯ ಆಸುಪಾಸಿನಲ್ಲಿ, ಆರ್‌ಸಿಸಿ ಛಾವಣಿಯ ಕೆಳಗೆ, ಕಿಟಕಿಯ ಪಕ್ಕದ ಪ್ಲಗ್ಗಿನಲ್ಲಿ ಅದು ಬೇಯುತ್ತಿತ್ತು. ಒಂದು ದಿನ ನಮ್ಮ ಮನೆಯವರು ಚಹಾದ ಲೋಟ ಇಡಲು ಟ್ಯಾಬನ್ನು ಸರಿಸಿದಾಗ ಅದು ಮೇಜಿನ ಮೇಲೆ ಗಿರ್ರನೆ ತಿರುಗಿತು. ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದರೆ ಹಿಂಬದಿ ಅನ್ನ ಉಕ್ಕುವಾಗ ಎದ್ದ ಮುಚ್ಚಳದ ಹಾಗೆ ಮೇಲೆದ್ದಿತ್ತು, ಪರದೆಯ ಅಂಚಿನಲ್ಲಿ ಉಗುರು ತೂರುವಷ್ಟು ಬಿರುಕು. ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿಕೊಂಡಾಗ ಹೀಗಾಗುತ್ತದೆ. ಈ ಸ್ಥಿತಿ ಕಂಡರೆ ಚಾರ್ಜ್ ಮಾಡಬಾರದು, ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಚುಚ್ಚಲಂತೂ ಬಾರದು; ಬೆಂಕಿ ಹತ್ತಬಹುದು. ಕಸದ ಗಾಡಿಗೂ ಹಾಕುವಂತಿಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಇದು ನಾನು ಹ್ಯಾಂಡಲ್ ಮೇಲೆ ಬಾಗಿ ಮುಖದೆದುರಿಗೆ ಇಟ್ಟುಕೊಳ್ಳುತ್ತಿದ್ದ ವಸ್ತು ಎಂಬುದು ನೆನಪಾದಾಗ 6,500 ರೂಪಾಯಿಯ ಸಂಕಟ ಹಿಂದೆ ಸರಿಯಿತು.

ಅಂಗಡಿಗೆ ಅದಕ್ಕೆ ಮೊದಲೇ ಮೂರು ಸಲ ಹೋಗಿ ಬಂದಿದ್ದೆ. ಮೊದಲ ಸಲ, ಕೊಂಡ ಎರಡನೆಯ ವಾರದಲ್ಲಿ, "ಹಬ್ಬ ಮುಗೀಲಿ ಮೇಡಂ, ಕಂಪನಿಯವ್ರು ಬರ್ತಾರ" ಎಂದರು. ಹಬ್ಬ ಮುಗಿದ ಮೇಲೆ ಕಂಪನಿಯವರು ಬರಲಿಲ್ಲ. ಕೊನೆಯ ಸಲ "ಡಿಸ್‌ಪ್ಲೇ, ಬ್ಯಾಟರಿ ವಾರಂಟಿಯೊಳಗ ಬರಂಗಿಲ್ರಿ" ಎಂದು ಹೇಳಿ ಸಮಾಧಾನಕ್ಕೆಂದು ಒಂದು ಇಯರ್‌ಫೋನ್ ಮುಂದೆ ಚಾಚಿದರು. ನನ್ನ ಬಳಿ ಇದ್ದದ್ದು "ಟ್ಯಾಬ್ 1" ಎಂದು ಬರೆದ ಒಂದು ಬಿಳಿ ಎಸ್ಟಿಮೇಟ್ ಚೀಟಿ, ಜಿಎಸ್‌ಟಿ ಬಿಲ್ಲಲ್ಲ. ಬಿಲ್ ಬೇಕೆಂದರೆ ಬೆಲೆ ಹೆಚ್ಚಾಗುತ್ತದೆ ಎಂದಾಗ ಬೇಡ ಎಂದವಳೂ ನಾನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ತಾನಾಗಿಯೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಹಾಗೆಯೇ. "ಹಬ್ಬ ಮುಗೀಲಿ" ಎಂಬ ಮಾತಿನ ಬೆಲೆ ನನಗೆ ಆಗ ಅರ್ಥವಾಯಿತು. ಮೊದಲ ದಿನವೇ ದೂರನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದರೆ ತಾರೀಖಾದರೂ ನನ್ನ ಕೈಯಲ್ಲಿ ಉಳಿಯುತ್ತಿತ್ತು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಅವರು ತಯಾರಕರ ಹೆಸರು, ವಿಳಾಸ ಕೇಳಿದರು. ಡಬ್ಬವನ್ನು ಆರು ಮಗ್ಗುಲೂ ತಿರುಗಿಸಿ ನೋಡಿದೆ. ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ದೂರಿಗೆ ಫೋನ್ ಸಂಖ್ಯೆ, ಇವೆಲ್ಲ ಡಬ್ಬದ ಮೇಲೆ ಕಡ್ಡಾಯವಾಗಿ ಇರಬೇಕಾದವು. ಟ್ಯಾಬಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊ, ನೋಂದಣಿಯೂ ಕಡ್ಡಾಯ. ಆರ್ ಅಕ್ಷರದ ಮುಂದೆ ಎಂಟು ಅಂಕಿಗಳಿರುತ್ತವೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಾರ್ಖಾನೆಯದೆಂದು ತಿಳಿಯುತ್ತದೆ. ನನ್ನ ಡಬ್ಬದಲ್ಲಿ ಇವೊಂದೂ ಇರಲಿಲ್ಲ, ಗಿಳಿಯ ಚಿತ್ರ ಮಾತ್ರ ಇತ್ತು. ಈಗ ಯುಪಿಐ ಪಾವತಿಯ ದಾಖಲೆ, ಚೀಟಿ, ಉಬ್ಬಿದ ಟ್ಯಾಬಿನ ಫೋಟೊ ಸೇರಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧಮಾಡುತ್ತಿದ್ದೇನೆ. ಎರಡು ವರ್ಷಗಳೊಳಗೆ ಸಲ್ಲಿಸಬಹುದು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಹಣ ಮರಳೀತೆಂಬ ದೊಡ್ಡ ಭರವಸೆಯೇನೂ ನನಗಿಲ್ಲ.

ಕಾಗದದಂತೆ ಕಾಣುವ ಇ-ಇಂಕ್ ಪರದೆಯ, ಅಮೆಜಾನಿನ ಓದುಯಂತ್ರ ಕಿಂಡಲ್ ಕೊಳ್ಳಬಾರದಿತ್ತೇ ಎಂದು ಪಕ್ಕದ ಮನೆಯವರು ಕೇಳಿದರು. ಕಣ್ಣಿಗೆ ಅದು ಹಿತವೇ. ಆದರೆ 2016ರಲ್ಲಿ ಅದರ ಇ-ಪುಸ್ತಕದ ಅಂಗಡಿ ಭಾರತೀಯ ಭಾಷೆಗಳಿಗೆ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಸ್ಕ್ಯಾನ್ ಪುಟಗಳಿಗೆ ಅದರ ಪರದೆ ಚಿಕ್ಕದು, ಬ್ರೌಸಿಂಗಿಗಂತೂ ನಿಧಾನ.

ಮೇ ತಿಂಗಳಲ್ಲಿ ಬೇರೆ ಅಂಗಡಿಯಲ್ಲಿ, ಬಿಲ್ ಸಮೇತ, ಸುಮಾರು 14,000 ರೂಪಾಯಿಗೆ 11 ಇಂಚಿನ, 1920×1200ರ ಐಪಿಎಸ್ ಪರದೆಯ ಟ್ಯಾಬ್ ಕೊಂಡೆ. ಹೋಗುವಾಗ ಬ್ಯಾಗಿನಲ್ಲಿ ಟೇಪು ಇತ್ತು, ಫೋನಿನಲ್ಲಿ ಒಂದು ಹಳೆಯ ಪುಸ್ತಕದ ಪಿಡಿಎಫ್ ಇತ್ತು. ಅಂಗಡಿಯ ಹುಡುಗ ಗೇಮ್ ಆಡಿ ನೋಡಿರೆಂದ. ನಾನು ಒಂದು ಸ್ಟೂಲ್ ಕೇಳಿ ಪಡೆದು, ಟ್ಯಾಬನ್ನು ಕ್ಯಾಲ್ಕುಲೇಟರಿಗೆ ಒರಗಿಸಿ, 68 ಸೆಂಟಿಮೀಟರ್ ಅಳೆದು ಕುಳಿತು, ಬೆನ್ನು ನೆಟ್ಟಗೆ ಮಾಡಿ ಮೇಲಿನಿಂದ ಪುಟ ಓದಿದೆ. ಬಾಗಿಲ ಬಿಸಿಲಿಗೂ ಒಯ್ದು ನೋಡಿದೆ. ಸಿಮ್ ಹಾಕುವ ಟ್ಯಾಬಾದ್ದರಿಂದ ಪ್ರತಿ ಸಾಧನಕ್ಕೂ ಬೇರೆಯಾಗಿರುವ ಐಎಂಇಐ ಎಂಬ ಗುರುತಿನ ಸಂಖ್ಯೆಯನ್ನು ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಮುಂದೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದೆ. ಉತ್ತರದಲ್ಲಿ ಡಬ್ಬದ ಮೇಲಿದ್ದ ಕಂಪನಿಯ ಹೆಸರೇ ಬಂತು. ಹುಡುಗ ನಗುತ್ತಿದ್ದ, ನಗಲಿ.

ತಟ್ಟೆಯಿಂದ ಜಾರದಿರಲೆಂದು ಎರಡು ಮೂಲೆಗೆ ಲಂಗದ ಎಲಾಸ್ಟಿಕ್ ಹೊಲಿದು ಬಿಗಿದಿದ್ದೇನೆ. ತಟ್ಟೆಯಲ್ಲಿ ಟ್ಯಾಬಿನ ಕೆಳಗೆ ಎರಡು ಹಳೆಯ ಪಂಚಾಂಗಗಳನ್ನು ಇಟ್ಟ ಮೇಲೆ ಎತ್ತರವೂ ಸರಿಹೋಗಿದೆ. ಉಬ್ಬಿದ ಟ್ಯಾಬ್ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಮರಳು ತುಂಬಿದ ಮಣ್ಣಿನ ಕುಂಡದಲ್ಲಿದೆ. ಆಯೋಗದವರು ನೋಡಬೇಕೆಂದರೆ ತೋರಿಸಲು ಬೇಕಲ್ಲ ಎಂದು ಇನ್ನೂ ಯಾರಿಗೂ ಕೊಟ್ಟಿಲ್ಲ.