ಮಳೆಗಾಲದಲ್ಲಿ ತೊಗಲು ಹದಕ್ಕಿಡುವ ಮುನ್ನ: ನಾಲ್ಕರಲ್ಲಿ ಮೂರು ತಿಪ್ಪೆಗೆ ಹೋದದ್ದು ಹೇಗೆ

ಪುನರ್ವಸು ಮಳೆ ಹಿಡಿದ ವಾರ, ತೀರ್ಥಹಳ್ಳಿ ಸೀಮೆಯ ಒಂದು ಮನೆಯಲ್ಲಿ ನಾಲ್ಕು ಆಡಿನ ತೊಗಲು ಹದಕ್ಕೆ ಬಿದ್ದವು. ಮೂರು ತಿಪ್ಪೆ ಸೇರಿದವು. ಒಂದರ ಕೂದಲು ಉದುರಿತು. ಇನ್ನೊಂದು ಹೊರಗೆ ಮರದಂತಾಗಿ ಒಳಗೆ ಹಸಿಯಾಗಿಯೇ ಉಳಿಯಿತು. ಮೂರನೆಯದು ಒಲೆಯ ಮೇಲೆ ಹಪ್ಪಳದ ಹಾಗೆ ಮುದುಡಿತು. ಬಯಲುಸೀಮೆಯ ಬಿಸಿಲಿಗೆ ಹೊಂದುವ ಕ್ರಮವನ್ನು ಮಲೆನಾಡಿನ ಜಗಲಿಯಲ್ಲಿ ಮಾಡಹೊರಟರೆ ಈ ಮೂರೂ ಆಗುವಂಥವೇ. ಯಾವುದು ಎಲ್ಲಿ ಕೆಟ್ಟಿತು ಎಂದು ಬಿಡಿಸಿ ಬರೆದಿದೆ.

ಮೊದಲನೆಯದು ಉಪ್ಪಿನಲ್ಲೇ ಹೋಯಿತು. ಮಟನ್ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದ ತೊಗಲು ನಾಲ್ಕು ಗಂಟೆ ಹೊತ್ತು ಬೆಚ್ಚಗೆ ಕೂತಿತ್ತು. ಕೆಡುವುದು ಅಲ್ಲೇ ಶುರು. ಕುಯ್ದ ಮೇಲೆ ತೊಗಲನ್ನು ಬಿಡಿಸಿ ಹರವಿ ತಣ್ಣಗೆ ಮಾಡಬೇಕು, ಎರಡು ಮೂರು ಗಂಟೆಯೊಳಗೆ ಉಪ್ಪು ಬೀಳಬೇಕು. ಇಲ್ಲಿ ತಡವಾಯಿತು. ಎರಡು ಕೆಜಿ ತೂಗುವ ಹಸಿ ತೊಗಲಿಗೆ ಅರ್ಧ ಕೆಜಿ ಉಪ್ಪು ಚಿಮುಕಿಸಿ, ಸುತ್ತಿ ಮೂಲೆಗಿಟ್ಟರು. ಬೇಕಿದ್ದದ್ದು ತೂಕದ ಶೇಕಡಾ 40ರಿಂದ 50, ಅಂದರೆ 800 ಗ್ರಾಂನಿಂದ ಒಂದು ಕೆಜಿ ಕಲ್ಲುಪ್ಪನ್ನು ಪುಡಿಮಾಡಿ ಮಾಂಸದ ಬದಿಗೆ ತಿಕ್ಕುವುದು. ಕಾಲು, ಕುತ್ತಿಗೆ, ಅಂಚಿನ ಮಡಿಕೆಗಳೊಳಕ್ಕೂ ಉಪ್ಪು ಹೋಗಬೇಕು. ಕೂದಲ ಬದಿ ಕೆಳಗಾಗಿ, ಓರೆಯಾದ ಹಲಗೆಯ ಮೇಲೆ ಹರವಿದರೆ ಬಿಟ್ಟುಕೊಂಡ ನೀರು ಬಸಿದು ಹೋಗುತ್ತದೆ. ಸುತ್ತಿಟ್ಟರೆ ಅದೇ ಕೊಳಕು ನೀರಲ್ಲಿ ತೊಗಲು ನೆನೆಯುತ್ತದೆ. ಮಾರನೇ ದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಬೇಕು.

ಆದರೆ ಸರಿಯಾದ ಅಳತೆ ಹಾಕಿದ್ದರೂ ಆ ವಾರ ತೊಗಲು ಒಣಗುತ್ತಿರಲಿಲ್ಲ. ಉಪ್ಪು ಹಾಕಿದರೆ ಒಣಗುತ್ತದೆ ಎನ್ನುವುದು ಗಾಳಿಯ ತೇವ ಶೇಕಡಾ 75ಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ನಿಜ. ಅದು ಮೀರಿದರೆ ಉಪ್ಪೇ ಗಾಳಿಯಿಂದ ನೀರೆಳೆದು ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹಾಕಿದ್ದ ಸ್ವಲ್ಪ ಉಪ್ಪೂ ಹೀಗೆ ನೀರಾಗಿ ತೆಳುವಾಯಿತು, ಕೊಳೆಸುವ ಜೀವಾಣುಗಳಿಗೆ ತಡೆಯೇ ಉಳಿಯಲಿಲ್ಲ. ಐದನೇ ದಿನ ಹೊಟ್ಟೆಯ ಭಾಗದಲ್ಲಿ ಚಿಟಿಕೆಯಷ್ಟು ಕೂದಲು ಹಿಡಿದು ಎಳೆದಾಗ, ಬಿಸಿನೀರಲ್ಲಿ ಅದ್ದಿದ ಕೋಳಿಯ ಪುಕ್ಕದಂತೆ ಬುಡಸಮೇತ ಬಂತು. ಬುಡದಲ್ಲಿ ತೆಳ್ಳನೆ ಸಿಪ್ಪೆ ಅಂಟಿಕೊಂಡಿತ್ತು. ಆ ಸಿಪ್ಪೆ ಕಂಡರೆ ಮುಗಿಯಿತು. ಪಟಿಕವಾಗಲಿ ಇನ್ನೊಂದಾಗಲಿ ಆ ಕೂದಲನ್ನು ಮತ್ತೆ ಹಿಡಿಸುವುದಿಲ್ಲ. ಹೊಟ್ಟೆ, ಕಂಕುಳು, ಕಿವಿಯ ಬುಡ ಮೊದಲು ಕೆಡುವ ಜಾಗಗಳು. ಪರೀಕ್ಷೆ ಅಲ್ಲೇ ಮಾಡಿ, ಬೆನ್ನಿನಲ್ಲಿ ಎಳೆದು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಕೊಬ್ಬು, ಪೊರೆ ಹೆರೆಯುವುದಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಬಳಸಿದ್ದು ಇನ್ನೊಂದು ಎಡವಟ್ಟು. ಅದರ ಹರಿತಕ್ಕೆ ಕೂದಲ ಬೇರೇ ತುಂಡಾಗುತ್ತದೆ. ನುಣುಪಾದ ದುಂಡು ಮರದ ತುಂಡಿನ ಮೇಲೆ ತೊಗಲು ಹಾಸಿ, ಮೊಂಡು ಅಲಗಿನಿಂದ ಮೇಲಿಂದ ಕೆಳಕ್ಕೆ ತಳ್ಳಿದರೆ ಸಾಕು, ಪೊರೆ ಹಾಳೆಹಾಳೆಯಾಗಿ ಬರುತ್ತದೆ.

ಎರಡನೆಯದರ ಕಥೆ ಚೊಗರಿನದು. ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಟ್ಯಾನಿನ್, ಅಂದರೆ ತೊಗಲು ಹದ ಮಾಡುವ ಒಗರಿನ ಅಂಶ, ಧಾರಾಳ. ಬಯಲುಸೀಮೆಯವರಿಗೆ ತಂಗಡಿ ತೊಗಟೆ ಇದ್ದ ಹಾಗೆ ನಮಗೆ ಇದು, ಮನೆಯಲ್ಲೇ ಸಿಗುವ ಸರಕು. ಅಳಲೆಕಾಯಿಯೂ ಕಾಡಂಚಲ್ಲಿ ಸಿಗುತ್ತದೆ. ಆಸೆಯಾಗುವುದು ಸಹಜ. ಕೆಟ್ಟದ್ದು ಎಲ್ಲಿ ಎಂದರೆ, ಹೋದ ಸುಗ್ಗಿಯಿಂದ ಉಳಿದು ಜೋನಿ ಬೆಲ್ಲದಷ್ಟು ಗಟ್ಟಿಯಾಗಿದ್ದ ಚೊಗರನ್ನು ಮೊದಲ ದಿನವೇ ಪೂರ್ತಿ ಸುರಿದರು. ಬೇಗ ಆಗಲಿ ಎಂದು. ಗಟ್ಟಿ ಚೊಗರು ತೊಗಲಿನ ಎರಡೂ ಮುಖವನ್ನು ಒಂದೇ ದಿನಕ್ಕೆ ಬಿಗಿದು ಮುಚ್ಚಿಬಿಡುತ್ತದೆ, ಆಮೇಲೆ ಎಷ್ಟು ದಿನ ಇಟ್ಟರೂ ಒಳಕ್ಕೆ ಇಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಬಣ್ಣ ಬಹಳ ಚೆಂದ. ಮೂರು ವಾರದ ಮೇಲೆ ಕುತ್ತಿಗೆಯ ದಪ್ಪ ಭಾಗದಿಂದ ಬೆರಳ ಅಗಲದ ಚೂರು ಕತ್ತರಿಸಿ ಬೆಳಕಿಗೆ ಹಿಡಿದಾಗ ಅಸಲಿ ವಿಷಯ ಗೊತ್ತಾಯಿತು: ಮೇಲೆ ಕೆಳಗೆ ಕಂದು, ನಡುವೆ ಕೊಬ್ಬರಿಯಂಥ ಬಿಳಿ ಗೆರೆ. ಆ ಗೆರೆಯೇ ಹಸಿ ತೊಗಲು. ಒಣಗಿದ ಮೇಲೆ ಅದು ಕೊಂಬಿನಂತೆ ಸೆಟೆದು, ಮಡಿಸಿದಲ್ಲಿ ಬಿರುಕು ಬಿಟ್ಟಿತು.

ಸರಿಯಾದ ರೀತಿ ಬೇರೆ. ಚೊಗರಿಗೆ ಹಾಕುವ ತೊಗಲಿನ ಕೂದಲು ಮೊದಲು ತೆಗೆಯಲು 10 ಲೀಟರ್ ನೀರಿಗೆ ಸುಮಾರು 400 ಗ್ರಾಂ ಅರಳಿದ ಸುಣ್ಣ, ದಿನಕ್ಕೆರಡು ಸಲ ಕಲಕುತ್ತ ನಾಲ್ಕೈದು ದಿನ. ಸುಟ್ಟ ಸುಣ್ಣದ ಕಲ್ಲನ್ನು ತೊಗಲಿದ್ದ ನೀರಿಗೇ ಹಾಕಬಾರದು, ಅದರ ಬಿಸಿಗೆ ತೊಗಲು ಬೆಂದು ಹೋಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಕೂದಲು ಹೆರೆದ ಮೇಲೆ ನಾಲ್ಕಾರು ನೀರಲ್ಲಿ ತೊಳೆದು, ಕೊನೆಗೆ ಒಂದು ಬಟ್ಟಲು ವಿನಿಗರ್ ಬೆರೆಸಿದ ನೀರಲ್ಲಿ ಅರ್ಧ ದಿನ ಇಟ್ಟು ಸುಣ್ಣ ಬಿಡಿಸಿ. ಸುಣ್ಣ ಉಳಿದ ತೊಗಲು ಚೊಗರಿಗೆ ಬಿದ್ದರೆ ಕಪ್ಪಾಗಿ ಮೇಲ್ಮೈ ಒರಟಾಗುತ್ತದೆ. ಮೊದಲ ಚೊಗರುನೀರು ಹಾಲಿಲ್ಲದ ತೆಳು ಚಹಾದಷ್ಟಿರಲಿ, ಅದಕ್ಕಿಂತ ದಪ್ಪ ಬೇಡ. ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಗಟ್ಟಿ ಮಾಡುತ್ತ ಹೋಗಿ. ಆಡಿನ ತೊಗಲಿಗೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಕತ್ತರಿಸಿದ ಚೂರಿನಲ್ಲಿ ಬಿಳಿ ಗೆರೆ ಇರುವವರೆಗೆ ಹೊರತೆಗೆಯುವ ಮಾತಿಲ್ಲ. ಒಗರು ಉಳಿದಿದೆಯೇ ಎಂದು ಚೊಗರುನೀರನ್ನು ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ, ತೊಗಲು ಮುಳುಗಿದ ನೀರು ಬಾಯಿಗೆ ಹೋಗಕೂಡದು.

ಡ್ರಮ್ ಪ್ಲಾಸ್ಟಿಕ್‌ನದೇ ಆಗಬೇಕು. ಚೊಗರು ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಕಲೆ, ಅದು ಹೋಗುವುದಿಲ್ಲ. ಒಂದು ತುಕ್ಕು ಮೊಳೆ ಬಿದ್ದಿದ್ದರೂ ಸಾಕು.

ಮೂರನೆಯದು ಪಟಿಕದಲ್ಲಿ ಚೆನ್ನಾಗಿಯೇ ಹದವಾಗಿತ್ತು. ಒಣಗಲಿಲ್ಲ ಎಂದು ಬೇಸತ್ತು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಒದ್ದೆ ಹಸಿ ತೊಗಲು 60 ಡಿಗ್ರಿ ಸುತ್ತಮುತ್ತ ಬಿಸಿಯಾದರೆ ಒಳಗಿನ ನಾರು ಮುದುಡಿ ಅಂಟಾಗಿಬಿಡುತ್ತದೆ. ಪಟಿಕದ ಹದ ಇದರಿಂದ ಹೆಚ್ಚೇನೂ ಕಾಪಾಡುವುದಿಲ್ಲ, ಹುಳಿನೀರಿನಲ್ಲಿ (ಉಪ್ಪು, ಸಿಟ್ರಿಕ್ ಆಸಿಡ್ ಕರಗಿಸಿದ ನೀರು) ಇದ್ದ ತೊಗಲಂತೂ ಇನ್ನೂ ಕಡಿಮೆ ಬಿಸಿಗೇ ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಕುಗ್ಗಿತ್ತು. ಮಳೆಗಾಲದಲ್ಲಿ ಒಣಗಿಸಲು ಬೇಕಾದ್ದು ಬೆಂಕಿಯಲ್ಲ, ಗಾಳಿ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿ ಚೌಕಟ್ಟಿಗೆ ಸಡಿಲವಾಗಿ ಕಟ್ಟಿ.

ಉಳಿದ ನಾಲ್ಕನೆಯದು ಕೆಡದೆ ಬಂದದ್ದು ಒಣಗಿಸುವ ಹಂತವನ್ನೇ ಬಿಟ್ಟದ್ದರಿಂದ. ತಂದ ದಿನವೇ ಹೆರೆದು, ಒಂದು ರಾತ್ರಿ ಉಪ್ಪಲ್ಲಿಟ್ಟು ನೀರು ಬಸಿದು, ಮಾರನೇ ದಿನ ನೇರ ಹುಳಿನೀರಿಗೆ. ಅಳತೆ ಹೀಗೆ: 8 ಲೀಟರ್ ನೀರು, 900 ಗ್ರಾಂ ಉಪ್ಪು, 170 ಗ್ರಾಂ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೂ ಕೊಡುತ್ತಾರೆ. ಮೊದಲು ಉಪ್ಪು ಪೂರ್ತಿ ಕರಗಬೇಕು, ಆಮೇಲೆ ಹುಳಿ, ಕೊನೆಗೆ ತೊಗಲು. ಉಪ್ಪು ಕಡಿಮೆಯಾದರೆ ಹುಳಿಗೆ ತೊಗಲು ಊದಿ ಲೋಳೆಯಾಗುತ್ತದೆ. ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ 2.5ಕ್ಕಿಂತ ಕೆಳಗಿರಬೇಕು, ಮೇಲೆ ಹೋದರೆ ಇನ್ನಷ್ಟು ಹುಳಿ ಬೀಳಬೇಕು. ಕಲ್ಲು ಹೇರಿ ಪೂರ್ತಿ ಮುಳುಗಿಸಿ, ದಿನಕ್ಕೆರಡು ಸಲ ಕಲಕಿ, ಕನಿಷ್ಠ ಮೂರು ದಿನ. ಬಿಸಿಲು ಕಾಣದ ವಾರಗಳಲ್ಲಿ ಈ ಡ್ರಮ್ಮೇ ತೊಗಲಿಗೆ ಭದ್ರವಾದ ಜಾಗ. ಹೊರತೆಗೆದ ಮೇಲೆ 10 ಲೀಟರ್ ನೀರಿಗೆ 70 ಗ್ರಾಂ ಅಡುಗೆ ಸೋಡಾ ಹಾಕಿ 20 ನಿಮಿಷ ಅದ್ದಿ ಹುಳಿ ಮುರಿಯಬೇಕು.

ಪಟಿಕಕ್ಕೆ: 4 ಲೀಟರ್ ನೀರಲ್ಲಿ 450 ಗ್ರಾಂ ಪಟಿಕ. ಬೇರೆ ಪಾತ್ರೆಯಲ್ಲಿ 2 ಲೀಟರ್ ನೀರು, 115 ಗ್ರಾಂ ವಾಷಿಂಗ್ ಸೋಡಾ, 225 ಗ್ರಾಂ ಉಪ್ಪು. ಸೋಡಾ ನೀರನ್ನು ಪಟಿಕದ ನೀರಿಗೆ ನೂಲಿನಂತೆ ಸುರಿಯುತ್ತ ಕಲಕಬೇಕು, ನೊರೆ ಏಳುತ್ತದೆ. ಒಮ್ಮೆಲೇ ಸುರಿದರೆ ಬಿಳಿ ಗಷ್ಟು ಕೂತು ಪಟಿಕ ದಂಡ. ಆಡಿನ ತೊಗಲಿಗೆ ಎರಡು ದಿನ ಸಾಕು. ನೀರು ಬಸಿದು, ಹಿಂಡಿದ ಬಟ್ಟೆಯಷ್ಟು ತೇವ ಉಳಿದಾಗ ಹಲಗೆಯ ಅಂಚಿಗೆ ಹಾಕಿ ಎಳೆದೆಳೆದು ಮೆದು ಮಾಡಬೇಕು. ಮಡಿಸಿದಲ್ಲಿ ಬೆಳ್ಳಗೆ ಕಾಣತೊಡಗಿದರೆ ಹದ ಬಂತು. ಆ ಹೊತ್ತು ತಪ್ಪಿಸಿದರೆ ರಟ್ಟು. ಎಣ್ಣೆಗೆ ಹೊಂಗೆ ಎಣ್ಣೆ ಒಳ್ಳೆಯದು. ತೆಂಗಿನೆಣ್ಣೆ ಹಚ್ಚಿದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬೆಳ್ಳಗೆ ಏಳುತ್ತದೆ. ಇನ್ನು, ಪಟಿಕದ ತೊಗಲನ್ನು ಜಗಲಿಗೆ ಕಾಲೊರೆಸಾಗಿ ಹಾಕಬೇಡಿ. ನೆನೆದರೆ ಪಟಿಕ ತೊಳೆದು ಹೋಗಿ ಮತ್ತೆ ಹಸಿ ತೊಗಲೇ. ಡೊಳ್ಳಿಗೂ ಇದು ಆಗದು, ಅದಕ್ಕೆ ಹದವಿಲ್ಲದೆ ಬಿಗಿದು ಒಣಗಿಸಿದ ತೊಗಲೇ ಬೇಕು. ಮೆದುವಾದದ್ದು ಮಂಕಾಗಿ ಬಡಿಯುತ್ತದೆ.

ಇಷ್ಟೆಲ್ಲ ಹಾಳಾದರೆ ಹೋಗುವುದು ತೊಗಲು ಮಾತ್ರ. ಮುಂದಿನವು ಹಾಗಲ್ಲ. ಇದ್ದಕ್ಕಿದ್ದಂತೆ ಸತ್ತ ಆಡು, ಕುರಿ, ದನದ ಮೂಗು ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಮುಟ್ಟಬೇಡಿ, ಕತ್ತಿ ಹಾಕಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅದರ ಬೀಜಾಣುಗಳು ಉಪ್ಪಿಗಾಗಲಿ ಒಣಗಿಸುವುದಕ್ಕಾಗಲಿ ಸಾಯುವುದಿಲ್ಲ, ತೊಗಲು ಹೆರೆಯುವವರ ಕೈಯ ಸಣ್ಣ ಗಾಯವೇ ಅವಕ್ಕೆ ದಾರಿ. ಪಶುವೈದ್ಯರಿಗೆ ಹೇಳಿ, ಹೂಳಿಸಿ.

ಮಳೆ ಬೇಡ, ದೀಪಾವಳಿ ಕಳೆದು ಹೊಸ ಚೊಗರು ಬಂದ ಮೇಲೆ ಮಾಡೋಣ ಎಂದರೆ ಅದು ಸರಿಯಾದ ಲೆಕ್ಕವೇ. ಆದರೆ ಜನವರಿಯಿಂದಾಚೆ ಉಣುಗಿನ ಕಾಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದೂ ಆಗಲೇ. ಕಾಡಲ್ಲಿ ಮೇದು ಬಂದ ಆಡಿನ ಮೈ ತಣ್ಣಗಾಗುತ್ತಿದ್ದಂತೆ ಉಣುಗು ತೊಗಲು ಬಿಟ್ಟು ಹತ್ತಿರದ ಬಿಸಿ ಮೈ ಹುಡುಕುತ್ತದೆ. ಹಸಿ ತೊಗಲನ್ನು ಹೆಗಲ ಮೇಲೆ ಹೊತ್ತು ತರಬೇಡಿ, ಮನೆಯೊಳಗೆ ಹರವಬೇಡಿ. ಅಂಗಳದಲ್ಲೇ ನೇರ ಉಪ್ಪುನೀರಿನ ಡ್ರಮ್ಮಿಗೆ ಮುಳುಗಿಸಿ.

ಕಾಡುಪ್ರಾಣಿಯ ತೊಗಲಿನ ಮಾತು ಒಂದೇ ಸಾಲಿನದು: ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಕಡವೆಯಾದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಸರ್ಕಾರದ ಸ್ವತ್ತು, ಮನೆಗೆ ತಂದರೆ ಕೇಸು.

ಕೆಲಸ ಮುಗಿದ ಡ್ರಮ್ಮಿನ ಉಪ್ಪುನೀರನ್ನು ಅಡಿಕೆ ಮರದ ಬುಡಕ್ಕೂ ಹಳ್ಳಕ್ಕೂ ಚೆಲ್ಲಬೇಡಿ. ಆ ಮನೆಯಲ್ಲಿ ಬಚ್ಚಲ ಹಿಂದಿನ ಎರಡು ಸಸಿ ಒಣಗಿದ್ದು ಹಾಗೆಯೇ.