ಬಸಾಲ್ಟ್ ನಾರಿನ ಸರಳು: ಅಂಗಳಕ್ಕೆ ಒಪ್ಪುತ್ತದೆ, ತಾರಸಿಗೆ ಬೇಡ

ಕರಾವಳಿಯ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಮೇಲಿನ ಹೊದಿಕೆಯನ್ನು ಚಕ್ಕೆಚಕ್ಕೆಯಾಗಿ ಉದುರಿಸುವುದನ್ನು ಕಂಡವರಿಗೆ ತುಕ್ಕೇ ಹಿಡಿಯದ ಸರಳಿನ ಬಗ್ಗೆ ಆಸೆ ಹುಟ್ಟುವುದು ಸಹಜ. ಉಡುಪಿ ಕಡೆಯ ನಮ್ಮ ಮನೆಯ ಅಂಗಳಕ್ಕೂ ಕಾರು ನಿಲ್ಲಿಸುವ ಜಾಗಕ್ಕೂ ಕಾಂಕ್ರೀಟ್ ಹಾಸುವಾಗ 8 ಮಿ.ಮೀ. ದಪ್ಪದ ಬಸಾಲ್ಟ್ ನಾರಿನ, ಅಂದರೆ ಲಾವಾ ಆರಿ ಆದ ಕಪ್ಪುಕಲ್ಲನ್ನು ಕರಗಿಸಿ ತೆಗೆದ ಎಳೆಗಳ, ಸರಳನ್ನು ಬಳಸಿದೆವು. ಮಾರಿದವರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಕೆಳಗೆ ಹೇಳುವ ಗುಣದೋಷಗಳು ಈ ಬಗೆಯ ಸರಳುಗಳಿಗೆಲ್ಲ ಬಹುಮಟ್ಟಿಗೆ ಅನ್ವಯಿಸುತ್ತವೆ.

ಬಸಾಲ್ಟ್ ಜಲ್ಲಿಯನ್ನು ತೊಳೆದು, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಪ್ಲಾಟಿನಂ ಮತ್ತು ರೋಡಿಯಂ ಮಿಶ್ರಲೋಹದ ತಟ್ಟೆಯ ನೂರಾರು ರಂಧ್ರಗಳಿಂದ ಇಳಿಬಿಟ್ಟು, ಇಳಿದ ಧಾರೆಗಳನ್ನು ವೇಗವಾಗಿ ತಿರುಗುವ ಉರುಳೆಗೆ ಸುತ್ತಿ ಎಳೆದರೆ 10ರಿಂದ 20 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪದ ಎಳೆಗಳು ದೊರೆಯುತ್ತವೆ. ಗಾಜಿನ ನಾರಿಗೆ ಮರಳು, ಸುಣ್ಣಕಲ್ಲು ಮುಂತಾದವನ್ನು ಅಳೆದು ಬೆರೆಸಬೇಕಾದರೆ ಇಲ್ಲಿ ಕಲ್ಲೊಂದೇ ಸಾಕು. ಆದರೆ ಕಲ್ಲಿನಲ್ಲಿರುವ ಕಬ್ಬಿಣದ ಅಂಶದಿಂದ ಕರಗಿದ ದ್ರವ ಕಪ್ಪಾಗಿ, ಮೇಲಿನಿಂದ ಕೊಟ್ಟ ಶಾಖ ತಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಕುಲುಮೆಯನ್ನು ಸಮನಾಗಿ ಕಾಯಿಸುವುದೇ ದೊಡ್ಡ ಕೆಲಸ. ಅಮೆರಿಕದಲ್ಲಿ ಪಾಲ್ ಧೆ ಎಂಬವರಿಗೆ ಈ ವಿಧಾನಕ್ಕೆ 1923ರಲ್ಲೇ ಪೇಟೆಂಟ್ ದೊರೆತಿದ್ದರೂ, ಅದು ಕೈಗಾರಿಕೆಯಾಗಿ ಬೆಳೆದದ್ದು 1980ರ ದಶಕದಲ್ಲಿ, ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿ. ಬೀದರ್, ಕಲಬುರಗಿ, ವಿಜಯಪುರಗಳ ಎರೆಮಣ್ಣಿನ ಅಡಿಯಲ್ಲಿ ಹಾಸಿಕೊಂಡಿರುವ ಶಿಲೆಯೂ ಬಸಾಲ್ಟೇ. ಹಾಗೆಂದು ಎಲ್ಲ ಬಸಾಲ್ಟೂ ಎಳೆಯಾಗದು. ಸಿಲಿಕಾ ಕಡಿಮೆಯಿದ್ದರೆ ಧಾರೆ ನಡುವೆಯೇ ತುಂಡಾಗುತ್ತದೆ. ಎಳೆಗಳ ಕಂತೆಯನ್ನು ಎಪಾಕ್ಸಿ ಅಥವಾ ವಿನೈಲ್ ಎಸ್ಟರ್ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದಾಗ ಸರಳು ಸಿದ್ಧವಾಗುತ್ತದೆ.

ಕೈಗೆತ್ತಿಕೊಂಡ ಕೂಡಲೇ ಮೆಚ್ಚುಗೆಯಾಗುವುದು ಅದರ ಹಗುರ. 8 ಮಿ.ಮೀ. ಉಕ್ಕಿನ 100 ಮೀಟರ್ ಸರಳು 39.5 ಕಿಲೋ ತೂಗಿದರೆ, ಇದರ ಅಷ್ಟೇ ಉದ್ದದ ಸುರುಳಿ ಸುಮಾರು 10 ಕಿಲೋ. ಒಬ್ಬರೇ ಹೆಗಲ ಮೇಲೆ ಹೊತ್ತು ತರಬಹುದು. ಆದರೆ ಕಟ್ಟು ಬಿಚ್ಚುವಾಗ ಸುರುಳಿ ಚಿಮ್ಮುತ್ತದೆ, ಎಚ್ಚರವಿರಬೇಕು. ಕತ್ತರಿಯಿಂದ ಒತ್ತಿ ತುಂಡರಿಸಿದರೆ ತುದಿ ಪೊರಕೆಯಂತೆ ಕೆದರುವುದರಿಂದ ಗರಗಸದ ಚಕ್ರವನ್ನೇ ಬಳಸಬೇಕು, ಮುಖಕ್ಕೆ ಮಾಸ್ಕ್, ಕೈಗೆ ಗವಸು ತಪ್ಪಬಾರದು. ನಮ್ಮ ಸೆಂಟ್ರಿಂಗ್ ಕೆಲಸದವರಿಗೆ ಹೊಸತಾಗಿದ್ದ ಸಂಗತಿ ಇನ್ನೊಂದು: ಹಸಿ ಕಾಂಕ್ರೀಟಿಗಿಂತ ಹಗುರವಾದ ಈ ಸರಳು ವೈಬ್ರೇಟರ್ ಹಾಕಿದಾಗ ಮೇಲಕ್ಕೆ ತೇಲತೊಡಗುತ್ತದೆ. ಜಾಲರಿಯನ್ನು ಕೆಳಗಿನಿಂದ ಬಿಗಿಯಾಗಿ ಕಟ್ಟಿ ಹಿಡಿಸದಿದ್ದರೆ ಅದು ಇರಬೇಕಾದ ಜಾಗದಲ್ಲಿ ಇರುವುದೇ ಇಲ್ಲ.

ಮಾರಾಟಗಾರರು ಕೊಡುವ ಹೋಲಿಕೆಯ ಪಟ್ಟಿಯ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಎಳೆತವನ್ನು ತಡೆಯುವ ಶಕ್ತಿ ಉಕ್ಕಿನ ಎರಡರಷ್ಟು, ಆದ್ದರಿಂದ 12 ಮಿ.ಮೀ. ಉಕ್ಕಿನ ಬದಲು 8 ಮಿ.ಮೀ. ಬಸಾಲ್ಟ್ ಸಾಕು ಎಂಬುದು ಅದರ ತರ್ಕ. ಶಕ್ತಿಯ ಮಾತು ಹೆಚ್ಚುಕಡಿಮೆ ನಿಜ. ಆದರೆ ಬಿಗುವಿನಲ್ಲಿ, ಎಂದರೆ ಭಾರ ಬಿದ್ದಾಗ ಹಿಗ್ಗದೆ ನಿಲ್ಲುವ ಗುಣದಲ್ಲಿ, ಈ ಸರಳು ಉಕ್ಕಿನ ಕಾಲುಭಾಗದಷ್ಟು ಮಾತ್ರ. ಆ ಗುಣದ ಅಳತೆ ಉಕ್ಕಿಗೆ 200 ಗಿಗಾಪಾಸ್ಕಲ್ ಇರುವಲ್ಲಿ ಇದಕ್ಕೆ 50ರ ಆಸುಪಾಸು. ಸರಳನ್ನು ಇನ್ನೂ ತೆಳ್ಳಗೆ ಮಾಡಿದರೆ ತೊಲೆಯೋ ತಾರಸಿಯೋ ಮುರಿಯುವ ಮೊದಲೇ ಬಾಗಿ ಬಿರುಕುಬಿಡುತ್ತದೆ. ಉಕ್ಕು ಹಿಗ್ಗಿ ಮುನ್ಸೂಚನೆ ಕೊಡುತ್ತದೆ, ಇದು ಕೊನೆಯವರೆಗೂ ಸುಮ್ಮನಿದ್ದು ಒಮ್ಮೆಗೇ ತುಂಡಾಗುತ್ತದೆ. ಕೆಲಸದ ಜಾಗದಲ್ಲಿ ಬಗ್ಗಿಸಲೂ ಆಗದು. ರಿಂಗು, ಕೊಕ್ಕೆಗಳು ಕಾರ್ಖಾನೆಯಲ್ಲೇ ಆಗಿ ಬರಬೇಕು.

‘ಕಲ್ಲಿನದು, ಬೆಂಕಿಗೆ ಜಗ್ಗುವುದಿಲ್ಲ’ ಎಂಬ ಭರವಸೆಯನ್ನೂ ಅರ್ಧಕ್ಕಷ್ಟೇ ನಂಬಬೇಕು. ನಾರು ತಾಳಿಕೊಂಡರೂ ಅದನ್ನು ಹಿಡಿದಿಟ್ಟ ಎಪಾಕ್ಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಕಾಂಕ್ರೀಟಿನ ಕ್ಷಾರವೂ ಬರಿಯ ನಾರನ್ನು ನಿಧಾನವಾಗಿ ತಿನ್ನುತ್ತದೆ, ತಡೆಯುವುದು ರಾಳದ ಹೊದಿಕೆಯೇ. ಹಾಗಾಗಿ ಮೇಲ್ಮೈ ಸೀಳಿದ, ಎಳೆ ಎದ್ದ ತುಂಡುಗಳನ್ನು ನಾವು ಹಿಂದಿರುಗಿಸಿದೆವು.

ನೆಲದ ಮೇಲೆ ಪೂರ್ತಿ ಕುಳಿತ ಕಾಂಕ್ರೀಟ್ ಹಾಸು, ಕಾಲುದಾರಿ, ಉಪ್ಪುನೀರು ತಾಗುವ ಚರಂಡಿಯ ತಳ, ಇಂತಹ ಕಡೆಗಳಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಕೇಳಿದರೆ ಗಾಬರಿಯಾಗುತ್ತದೆ, ಮೀಟರ್ ಲೆಕ್ಕದಲ್ಲಿ ಹೋಲಿಸಬೇಕು. ಕೊಳ್ಳುವ ಮುನ್ನ ಯಾವ ರಾಳ ಬಳಸಿದ್ದಾರೆ ಎಂಬುದನ್ನೂ, ಶಕ್ತಿಯ ಜೊತೆಗೆ ಬಿಗುವಿನ ಅಂಕಿಯಿರುವ ಪರೀಕ್ಷಾ ವರದಿಯನ್ನೂ ಕೇಳಿ. ತಾರಸಿಗೆ ಬಳಸಲೇಬೇಕೆಂಬ ಹಟವಿದ್ದರೆ ಈ ಸರಳಿಗಾಗಿಯೇ ಲೆಕ್ಕ ಹಾಕಬಲ್ಲ ಸ್ಟ್ರಕ್ಚರಲ್ ಎಂಜಿನಿಯರರ ಸಹಿಯುಳ್ಳ ನಕ್ಷೆಯಿಲ್ಲದೆ ಮುಂದುವರಿಯಬೇಡಿ.